ಇಂಜಿನ್ ಆಯಿಲ್‌ಗೆ ಕಾವಲು ಕೂತ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಹೇಳು ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳುವುದು, ಅವರ ಕಣ್ಣು ಬಹಳ ಚುರುಕು ಎಂದು. ಇನ್ನೊಂದು ಹೇಳು ಎಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆ ಕಣ್ಣಿನಿಂದಲೇ ಅವರು ಹೊಟ್ಟೆ ಹೊರೆದದ್ದು. ಗಾಜಿನ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ಅವರಿಗೆ ಬಾಟಲಿ ನೋಡುವ ಕೆಲಸ. ಕುಲುಮೆಯಿಂದ ಹೊರಬಿದ್ದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬಂದು, ಬೆಳ್ಳಗೆ ಉರಿಯುವ ಒಂದು ದೀಪದ ಪೆಟ್ಟಿಗೆಯ ಮುಂದೆ ಹಾದು ಹೋಗುತ್ತಿದ್ದವು. ದೊಡ್ಡಪ್ಪ ಅದರೆದುರು ಸ್ಟೂಲಿನ ಮೇಲೆ ಕೂತು, ಗಾಜಿನೊಳಗೆ ಗುಳ್ಳೆ ಇದೆಯೇ, ಕತ್ತು ಓರೆಯಾಗಿದೆಯೇ, ತಳದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ನೋಡಬೇಕು. ಇದ್ದರೆ ಎತ್ತಿ ಪಕ್ಕದ ಡಬ್ಬಕ್ಕೆ ಎಸೆದು ಚೂರಾಗುವ ಸದ್ದು ಕೇಳಬೇಕು. ಚೆನ್ನಾಗಿರುವ ಬಾಟಲಿಯನ್ನು ಅವರು ಮುಟ್ಟುವ ಪ್ರಮೇಯವೇ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು. ಇಡೀ ಸರ್ವಿಸನ್ನು ಹೀಗೆ ಕಳೆದ ಮನುಷ್ಯನಿಗೆ, ಚೆನ್ನಾಗಿರುವುದು ಕೈಗೆ ಸಿಕ್ಕರೆ ಏನು ಮಾಡಬೇಕು ಎಂದು ಗೊತ್ತಾಗುವುದಾದರೂ ಹೇಗೆ? ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ‘ಗುಳ್ಳೆ ಸಾಹೇಬರು’ ಎನ್ನುತ್ತಿದ್ದರು. ಎದುರಿಗೆ ಸಾಹೇಬರು, ಹಿಂದಿನಿಂದ ಬರೀ ಗುಳ್ಳೆ.

ಕೊನೆಗೆ ಕಾರ್ಖಾನೆಗೆ ಕ್ಯಾಮೆರಾ ಬಂತು. ಬಾಟಲಿ ನೋಡುವ ಕೆಲಸವನ್ನು ಅದೇ ಮಾಡತೊಡಗಿತು. ದೊಡ್ಡಪ್ಪ ನಿವೃತ್ತಿಯ ದಿನ ಕ್ಯಾಮೆರಾದ ಗಾಜನ್ನೇ ಇಣುಕಿ ನೋಡಿ, ಅದರಲ್ಲೊಂದು ಗುಳ್ಳೆ ಇದೆ ಎಂದು ಮ್ಯಾನೇಜರಿಗೆ ತೋರಿಸಿ ಬಂದರು. ಮ್ಯಾನೇಜರು ಅವರಿಗೆ ಹಾರ ಹಾಕಿ, ಹಳೆಯ ದೀಪದ ಪೆಟ್ಟಿಗೆಯನ್ನೇ ಉಡುಗೊರೆಯಾಗಿ ಕೊಟ್ಟು ಕೈ ತೊಳೆದುಕೊಂಡರು.

ಪೀಡೆ ನಮ್ಮ ಮನೆಗೆ ಬಂದದ್ದು ಹಾಗೆ. ನಾನು ಅದೇ ಮನೆಯ ಮಹಡಿಯಲ್ಲಿರುವವಳು, ಊಟಕ್ಕೆ ಮಾತ್ರ ಕೆಳಗಿಳಿಯುವವಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ನನ್ನ ಕೆಲಸ, ಹಾಗಾಗಿ ಸಹನೆ ಸ್ವಲ್ಪ ಹೆಚ್ಚೇ ಇದೆ ಎಂದುಕೊಂಡಿದ್ದೆ. ಆ ಪೆಟ್ಟಿಗೆ ಊಟದ ಮೇಜಿನ ಮೂಲೆಯಲ್ಲಿ ಕೂತ ಮೇಲೆ ಅದೂ ಸುಳ್ಳಾಯಿತು. ಹಾಲಿನ ಪ್ಯಾಕೆಟ್ಟು, ಮೊಟ್ಟೆ, ಕುಡಿಯುವ ನೀರು, ಪಕ್ಕದ ಮನೆಯವರ ಮೊಣಕಾಲಿನ ಎಕ್ಸ್-ರೇ, ಎಲ್ಲವೂ ಅದರ ಮುಂದೆ ಹಾದು ಹೋಗಬೇಕು. ನಾನು ಮದುವೆಯಾಗಬೇಕೆಂದಿದ್ದವನ ಫೋಟೋವನ್ನೂ ಆ ಬೆಳಕಿಗೆ ಹಿಡಿದು, "ಎಡಗಿವಿ ಒಂಚೂರು ಕೆಳಗಿದೆಯಲ್ಲಮ್ಮ" ಅಂದರು. ಆಮೇಲೆ ಆ ಮದುವೆ ನಡೆಯಲಿಲ್ಲ. ಕಿವಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಆದರೆ ದೊಡ್ಡಪ್ಪ ಇವತ್ತಿಗೂ ನನ್ನನ್ನು ತಾವೇ ಪಾರು ಮಾಡಿದ್ದು ಎಂದು ನಂಬಿದ್ದಾರೆ.

ಇಂಥವರಿಗೆ ದೊಡ್ಡಮ್ಮ ಮೂರು ಹೊತ್ತು ಬೇಯಿಸಿ ಹಾಕುತ್ತ ಬಂದಿದ್ದಾರೆ. ಅವರ ಅಡುಗೆ ತಿಂದವರು ಬೆರಳು ಚೀಪುತ್ತಾರೆ. ದೊಡ್ಡಪ್ಪನೂ ತಟ್ಟೆ ಖಾಲಿ ಮಾಡುತ್ತಾರೆ, ಆದರೆ ಚೆನ್ನಾಗಿದೆ ಎಂಬ ಪದ ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಉಪ್ಪು ಹೆಚ್ಚಾದರೆ ಹೇಳುತ್ತಾರೆ, ಕಡಿಮೆಯಾದರೆ ಹೇಳುತ್ತಾರೆ, ಸರಿಯಾಗಿದ್ದರೆ ಬಾಟಲಿಯ ಹಾಗೆ ಅದು ಮುಂದೆ ಹೋಗುತ್ತದೆ. ದೊಡ್ಡಮ್ಮ ಮೌನವನ್ನೇ ಹೊಗಳಿಕೆ ಎಂದುಕೊಂಡು ಕಾಲ ಹಾಕಿದರು.

ದೊಡ್ಡಮ್ಮನಿಗೆ ಒಬ್ಬನೇ ತಮ್ಮ. ಅವರಮ್ಮ ಬೇಗ ತೀರಿಕೊಂಡದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವರು ಇವರೇ. ಈಗ ಆ ತಮ್ಮನಿಗೆ ಬಸ್ ಡಿಪೋದ ಹಿಂದೆ ಸ್ವಂತ ಗ್ಯಾರೇಜಿದೆ, ಹೊಟ್ಟೆ ಬಂದಿದೆ, ಆದರೂ ಭಾನುವಾರದ ಮಧ್ಯಾಹ್ನ ಅಕ್ಕನ ಮನೆಯ ಊಟ ತಪ್ಪಿಸಿದವರಲ್ಲ. ನಾನು ಅವರನ್ನು ಗ್ಯಾರೇಜ್ ಮಾವ ಎನ್ನುತ್ತೇನೆ. ಮಾವ ಸಾಧುವೇನಲ್ಲ. ತಾವು ಮುಟ್ಟಿದ ಗಾಡಿ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ, ಮೆತ್ತಗೆ ಹೇಳುವ ಮಾತನ್ನೂ ಲಾರಿ ಇಂಜಿನ್ ಚಾಲೂ ಇದ್ದಂತೆ ಕೂಗಿಯೇ ಹೇಳುತ್ತಾರೆ, ಕೈ ಬಲು ಧಾರಾಳ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿದರೂ ಗೋಡೆಗೆ ಗಾರೆ ಮೆತ್ತಿದ ಹಾಗಿರುತ್ತದೆ. ಆದರೆ ಅವರು ಬಂದರೆ ದೊಡ್ಡಮ್ಮ ನಗುತ್ತಾರೆ. ವಾರದಲ್ಲಿ ಉಳಿದ ದಿನ ಆ ಮನೆಯಲ್ಲಿ ನಗುವಂಥದ್ದು ಏನಿತ್ತು, ಬಿಡಿ.

ದೊಡ್ಡಪ್ಪನ ಹತ್ತಿರ ಒಂದು ಹಳೆಯ ಬಿಳಿ ಕಾರಿದೆ. ಒಂದು ದಿನ ಅದರ ಆಯಿಲ್ ದೀಪ ಕೆಂಪಗೆ ಹತ್ತಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಇಂಜಿನ್ ಮೇಲೆ ಅನುಮಾನಪಟ್ಟು ಗಾಡಿ ನಿಲ್ಲಿಸುತ್ತಿದ್ದರು. ದೊಡ್ಡಪ್ಪ ದೀಪದ ಮೇಲೆ ಅನುಮಾನಪಟ್ಟರು. "ಬಲ್ಬೇ ಸರಿ ಇಲ್ಲ" ಎಂದು ಮನೆಯವರೆಗೂ ಓಡಿಸಿಕೊಂಡು ಬಂದರು. ಗೇಟಿನ ಹತ್ತಿರ ಇಂಜಿನ್ ಒಮ್ಮೆ ನರಳಿ, ಹೊಗೆ ಬಿಟ್ಟು, ನಿಂತೇ ಹೋಯಿತು. ಆಯಿಲ್ ಇಲ್ಲದೆ ಬೇರಿಂಗು, ಪಿಸ್ಟನ್ನು ಎಲ್ಲ ಸವೆದು ಇಂಜಿನ್ ಬೋರಿಗೆ, ಅಂದರೆ ಸಿಲಿಂಡರ್ ಕೊರೆದು ಸರಿಮಾಡುವ ಸ್ಥಿತಿಗೆ, ಬಂದಿತ್ತು.

ಗ್ಯಾರೇಜ್ ಮಾವ ಗಾಡಿಯನ್ನು ಎಳೆಸಿಕೊಂಡು ಹೋಗಿ, ಇಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಹಾಕಿ, ಮುಚ್ಚಳಗಳಿಗೆಲ್ಲ ಆಯಿಲ್ ಸೋರದಂತೆ ತಮ್ಮ ಎಂದಿನ ಧಾರಾಳದಲ್ಲಿ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ಜೋಡಿಸಿ ತಂದರು. ನಾನೇ ಒಂದು ಸುತ್ತು ಓಡಿಸಿ ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಕೆಳಗೆ ಒಂದು ಹನಿ ಸೋರಿಕೆಯಿಲ್ಲ.

ದೊಡ್ಡಪ್ಪ ಅದರ ಸುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಿದರು. ಬಾನೆಟ್ಟು ಎತ್ತಿದರು, ಇಳಿಸಿದರು, ನೆಲಕ್ಕೆ ಮಲಗಿ ತಳ ನೋಡಿದರು. ಏನೂ ಸಿಗಲಿಲ್ಲ. ಆ ರಾತ್ರಿ ಸರಿಯಾಗಿ ಊಟವೂ ಮಾಡಲಿಲ್ಲ ಪಾಪ.

ಅವರಿಗೆ ಜೀವ ಬಂದದ್ದು ಆಯಿಲ್ ಪರೀಕ್ಷೆಯ ವಿಷಯ ತಿಳಿದಾಗ. ಓಡಿದ ಇಂಜಿನ್ನಿನಿಂದ ಒಂದಿಷ್ಟು ಆಯಿಲ್ ತೆಗೆದು ಲ್ಯಾಬಿಗೆ ಕಳಿಸಿದರೆ, ಅದರಲ್ಲಿ ಯಾವ ಲೋಹದ ಪುಡಿ ಎಷ್ಟಿದೆ ಎಂದು ಅವರು ಅಳೆದು ಹೇಳುತ್ತಾರಂತೆ. ಮನುಷ್ಯರ ರಕ್ತ ಪರೀಕ್ಷೆ ಮಾಡಿದ ಹಾಗೆ. ಕಬ್ಬಿಣ ಹೆಚ್ಚಾದರೆ ಸಿಲಿಂಡರ್ ಸವೆಯುತ್ತಿದೆ, ತಾಮ್ರ ಸೀಸ ಹೆಚ್ಚಾದರೆ ಬೇರಿಂಗು, ಅಲ್ಯೂಮಿನಿಯಂ ಆದರೆ ಪಿಸ್ಟನ್ನು. ಕಣ್ಣಿಗೆ ಕಾಣದ ಗುಳ್ಳೆಯನ್ನೂ ಹಿಡಿದುಕೊಡುವ ಲ್ಯಾಬು! ದೊಡ್ಡಪ್ಪನಿಗೆ ಕೆಲಸಕ್ಕೆ ವಾಪಸ್ ಕರೆದಷ್ಟು ಖುಷಿಯಾಯಿತು. ಸ್ವಲ್ಪ ದಿನ ಓಡಿಸಿ, ಇಂಜಿನ್ ಬಿಸಿಯಿದ್ದಾಗಲೇ ಲ್ಯಾಬಿನವರ ಪುಟ್ಟ ಬಾಟಲಿಗೆ ಆಯಿಲ್ ಹಿಡಿದರು. ಹಿಡಿಯುವ ಮೊದಲು ಆ ಬಾಟಲಿಯಲ್ಲಿ ಗುಳ್ಳೆ ಇದೆಯೇ ಎಂದು ದೀಪಕ್ಕೆ ಹಿಡಿದು ನೋಡಿದ್ದನ್ನು ನಾನು ಹೇಳಬೇಕಾಗಿಲ್ಲ.

ರಿಪೋರ್ಟ್ ಬಂದದ್ದು ವಾರದ ನಡುವೆ. ದೊಡ್ಡಪ್ಪ ಅದನ್ನು ಭಾನುವಾರದ ಊಟದವರೆಗೂ ಬಚ್ಚಿಟ್ಟರು. ಮಾವ ತಟ್ಟೆಯ ಮುಂದೆ ಕೂತು ತುತ್ತು ಬಾಯಿಗಿಡುವ ಹೊತ್ತಿಗೆ ಕನ್ನಡಕ ಏರಿಸಿ ಓದತೊಡಗಿದರು.

"ಕಬ್ಬಿಣ, ಹೆಚ್ಚು. ತಾಮ್ರ, ಹೆಚ್ಚು. ಸೀಸ, ಹೆಚ್ಚು. ಅಲ್ಯೂಮಿನಿಯಂ, ಹೆಚ್ಚು. ಸಿಲಿಕಾನ್, ಬಹಳ ಹೆಚ್ಚು." ಇಲ್ಲಿ ಕನ್ನಡಕದ ಮೇಲಿಂದ ನೋಡಿದರು. "ಸಿಲಿಕಾನ್ ಅಂದ್ರೆ ಏನು ಗೊತ್ತಾ? ಮರಳು. ಇಂಜಿನ್ ಒಳಗೆ ಮರಳು ಹಾಕಿ ಮುಚ್ಚಿದೀಯ."

"ಮರಳೂ ಇಲ್ಲ ಮಣ್ಣೂ ಇಲ್ಲ ಭಾವ!" ಮಾವ ಬಾಯಲ್ಲಿದ್ದದ್ದನ್ನು ನುಂಗದೆಯೇ ಕೂಗಿದರು. "ಅದು ಪೇಸ್ಟು! ಮುಚ್ಚಳಕ್ಕೆ ಹಚ್ಚಿರೋ ಪೇಸ್ಟಲ್ಲಿ ಸಿಲಿಕಾನ್ ಇರುತ್ತೆ, ಅದು ಆಯಿಲ್‌ಗೆ ಇಳಿಯುತ್ತೆ. ಉಳಿದಿದ್ದು ಹೊಸ ಪಾರ್ಟು ಒಂದಕ್ಕೊಂದು ಉಜ್ಜಿ ಹೊಂದ್ಕೊಳ್ಳೋವಾಗ ಬರೋ ಪುಡಿ. ಬೋರ್ ಮಾಡಿದ ಮೇಲೆ ಎಲ್ಲ ಗಾಡೀಲೂ ಬರುತ್ತೆ!"

"ಎಲ್ಲ ಕಳ್ಳರೂ ಹೀಗೇ ಹೇಳೋದು."

ಆ ಮಾತು ಆಡಬಾರದಿತ್ತು. ದೊಡ್ಡಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಮಾವನಾದರೂ ಸುಮ್ಮನಿರಬಹುದಿತ್ತು, ಆದರೆ ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮ ಕಾರ್ಖಾನೆ ಬಾಟಲಿ ಎಲ್ಲ ಓರೆ, ನಿಮ್ಮ ಬುದ್ಧೀನೂ ಓರೆ" ಎಂದುಬಿಟ್ಟರು. ಬುದ್ಧಿಯ ವಿಷಯವನ್ನು ದೊಡ್ಡಪ್ಪ ನುಂಗಿಕೊಳ್ಳುತ್ತಿದ್ದರೋ ಏನೋ, ಬಾಟಲಿಯ ವಿಷಯ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಮಾವ ಅರ್ಧ ಊಟ ಬಿಟ್ಟು ಕೈ ತೊಳೆದು ಎದ್ದರು. "ಇನ್ನು ಈ ಮೆಟ್ಟಿಲು ಹತ್ತಬೇಡ" ಎಂದು ಇವರು, "ನೀವೇ ಬಂದು ಕರೆಯೋವರೆಗೂ ಹತ್ತಲ್ಲ" ಎಂದು ಅವರು. ತಟ್ಟೆಯಲ್ಲಿ ಉಳಿದ ಅನ್ನವನ್ನು ದೊಡ್ಡಮ್ಮ ಬಹಳ ಹೊತ್ತು ತೆಗೆಯಲೇ ಇಲ್ಲ. ನನಗೆ ಇಬ್ಬರ ಮೇಲೂ ಎಷ್ಟು ಸಿಟ್ಟು ಬಂತೆಂದರೆ, ಅವತ್ತು ಸಂಜೆ ಕಾರು ಕಲಿಯಲು ಬಂದವರೊಬ್ಬರ ಮೇಲೆ ಕಾರಣವಿಲ್ಲದೆ ರೇಗಿದೆ.

ರಿಪೋರ್ಟಿನ ಕೊನೆಯಲ್ಲಿ ಲ್ಯಾಬಿನವರು ಎರಡು ಸಾಲು ಷರಾ ಬರೆದಿದ್ದರು. ‘ಹೊಸದಾಗಿ ಬಿಚ್ಚಿ ಜೋಡಿಸಿದ ಇಂಜಿನ್ ಆಗಿರುವುದರಿಂದ ಇದು ಸಹಜವಿರಬಹುದು. ಆಯಿಲ್ ಬದಲಿಸಿ, ನಿಗಾ ಇರಲಿ, ಮುಂದಿನ ಮಾದರಿಯೊಂದಿಗೆ ಹೋಲಿಸಿ.’ ಮಾವ ಕೂಗಿ ಹೇಳಿದ್ದನ್ನೇ ಇವರು ಮೆತ್ತಗೆ ಬರೆದಿದ್ದರು ಅಷ್ಟೆ. ದೊಡ್ಡಪ್ಪ ಅದರಲ್ಲಿ ‘ಇರಬಹುದು’ ಎಂಬುದರ ಕೆಳಗೆ ಒಂದು ಗೆರೆ, ‘ನಿಗಾ ಇರಲಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದರು. ‘ಸಹಜ’ ಎಂಬುದರ ಕೆಳಗೆ ಏನೂ ಎಳೆಯಲಿಲ್ಲ.

ದೊಡ್ಡಮ್ಮ ಕೆಲವು ದಿನ ಬಿಟ್ಟು ಕೇಳಿದರು. "ರೀ, ಇನ್ನೊಂದು ಸಲ ಕಳಿಸ್ತೀರಲ್ಲ, ಅದು ಸರಿ ಬಂದ್ರೆ?"

"ಸರಿ ಬಂದ್ರೆ ನಾನೇ ಅವನ ಗ್ಯಾರೇಜಿಗೆ ಹೋಗಿ ಕರೀತೀನಿ. ಬರದಿದ್ರೆ ಅವನ ಹೆಸರನ್ನ ಈ ಮನೇಲಿ ಯಾರೂ ಎತ್ತಬಾರದು. ಒಪ್ಪಿಗೇನಾ?"

ದೊಡ್ಡಮ್ಮ ಒಪ್ಪಿದರು. ತಮ್ಮನ ಕೆಲಸದ ಮೇಲೆ ಅವರಿಗೆ ಅಷ್ಟು ನಂಬಿಕೆ. ಕಂಕುಳಲ್ಲಿ ಹೊತ್ತು ಸಾಕಿದ ತಮ್ಮ ಇನ್ನು ಮನೆಗೆ ಬರಬೇಕೇ ಬೇಡವೇ ಎಂಬುದನ್ನು ಒಂದು ಪುಟ್ಟ ಬಾಟಲಿ ಕರಿ ಆಯಿಲ್ ತೀರ್ಮಾನ ಮಾಡಬೇಕಾಗಿ ಬಂತು ನೋಡಿ.

ದೊಡ್ಡಪ್ಪ ಬೇರೊಂದು ಅಂಗಡಿಯಲ್ಲಿ ಆಯಿಲ್ ಬದಲಿಸಿಕೊಂಡು ಬಂದು ನಿಗಾ ಇಡಲು ಶುರು ಮಾಡಿದರು. ನಿಗಾ ಎಂದರೆ ನಾವು ನೀವು ಇಡುವಂಥದ್ದಲ್ಲ. ಬೆಳಿಗ್ಗೆ ಎದ್ದವರೇ ಹಳದಿ ಬಟ್ಟೆಯೊಂದನ್ನು ಹಿಡಿದು ಹೊರಗೆ ಹೋಗುವುದು, ಕಾರಿನ ಮೇಲಿನ ಧೂಳು ಒರೆಸುವುದು, ಬಾನೆಟ್ಟು ಎತ್ತುವುದು, ಆಯಿಲ್ ನೋಡುವ ಕಡ್ಡಿಯನ್ನು ಎಳೆಯುವುದು, ಒರೆಸುವುದು, ಮತ್ತೆ ಅದ್ದಿ ತೆಗೆಯುವುದು, ಬೆಳಕಿಗೆ ಹಿಡಿಯುವುದು. ಆಮೇಲೆ ಇಂಜಿನ್ನಿನ ತಲೆಯ ಮೇಲಿನ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಟಾರ್ಚ್ ಬಿಟ್ಟು ಒಳಗೆ ಇಣುಕುವುದು. ಸಂಜೆ ಮತ್ತೊಮ್ಮೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ.

ನಮ್ಮ ಬೀದಿಯ ಬಗ್ಗೆಯೂ ಹೇಳಬೇಕು. ಗೇಟಿನ ಎದುರಿಗೇ ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಅಂಗಡಿಯಿದೆ. ದಿನವಿಡೀ ಚಕ್ರ ಕಿರುಚುತ್ತದೆ, ಬಿಳಿ ಪುಡಿ ಹಾರುತ್ತದೆ. ಒಗೆದು ಹಾಕಿದ ಸೀರೆ ಮೇಲೆ, ಕಿಟಕಿಯ ಸರಳಿನ ಮೇಲೆ, ನಿಂತ ಕಾರುಗಳ ಮೇಲೆ ಎಲ್ಲ ಅದೇ. ದೊಡ್ಡಮ್ಮ ಕಿಟಕಿ ಒರೆಸಿ ಒರೆಸಿ ಸುಸ್ತಾಗುತ್ತಾರೆ. ಮನೆಯಲ್ಲಿರುವ ಚಿಂದಿಬಟ್ಟೆಯನ್ನೂ ಬಿಡದೆ ಒಗೆಯುವ ಅವರಿಗೆ ಆ ಹಳದಿ ಬಟ್ಟೆಯೊಂದನ್ನು ಮುಟ್ಟಲು ಅನುಮತಿ ಇರಲಿಲ್ಲ. ಸೋಪಿನ ಅಂಶ ಆಯಿಲ್‌ಗೆ ಸೇರಿದರೆ ರಿಪೋರ್ಟ್ ಕೆಡುತ್ತದೆ ಎಂದು ದೊಡ್ಡಪ್ಪನ ಆಜ್ಞೆಯಾಗಿತ್ತು. ಬಟ್ಟೆಗೆ ಬೇರೆಯೇ ಮೊಳೆ ಹೊಡೆದು, ಗೇಟಿನ ಪಕ್ಕದ ಗೋಡೆಗೆ ನೇತುಹಾಕಿಕೊಂಡಿದ್ದರು.

ದೊಡ್ಡಪ್ಪ ಕಾರಿನ ಹತ್ತಿರ ಹೋದ ಹೊತ್ತು ನೋಡಿ ದೊಡ್ಡಮ್ಮ ತಮ್ಮನಿಗೆ ಫೋನು ಮಾಡುತ್ತಿದ್ದರು. "ಊಟ ಆಯ್ತಾ? ಏನ್ ತಿಂದೆ? ಅದೇ ಹೋಟ್ಲೂಟನಾ?" ಎಂದು ಪಿಸುಗುಡುವುದು ಮಹಡಿಗೂ ಕೇಳುತ್ತಿತ್ತು. ಮಾವನೂ ಏನು ಕಡಿಮೆ ಬಿಗುಮಾನದವರೇ? ಅಕ್ಕ ಕದ್ದು ಕಳಿಸುತ್ತೇನೆಂದ ಊಟವನ್ನೂ ಬೇಡವೆಂದರು. ಭಾನುವಾರ ಬಂದರೆ ದೊಡ್ಡಮ್ಮ ಅದೇ ದೊಡ್ಡ ಪಾತ್ರೆ ಇಡುತ್ತಿದ್ದರು. ಯಾಕೆ ದೊಡ್ಡಮ್ಮ ಇಷ್ಟೊಂದು ಎಂದು ಕೇಳಿದರೆ, "ಕೈ ಅಳತೆ ಕಣೇ, ಬದಲಾಗಲ್ಲ" ಅನ್ನುತ್ತಿದ್ದರು. ಉಳಿದದ್ದನ್ನು ಮರುದಿನ ತಾವೊಬ್ಬರೇ ತಿನ್ನುತ್ತಿದ್ದರು. ಅವರು ನಗುವುದನ್ನು ಬಿಟ್ಟಿದ್ದರು. ಊಟಕ್ಕೆ ಮಾತ್ರ ಕೆಳಗಿಳಿಯುವ ನನಗೇ ಅದು ಕಾಣುತ್ತಿತ್ತು, ಆದರೆ ನಿತ್ಯ ಎದುರಿಗೆ ಕೂತು ಉಣ್ಣುವ ಆ ಚುರುಕು ಕಣ್ಣಿಗೆ ಅದು ಮಾತ್ರ ಕಾಣಲಿಲ್ಲ.

ಎರಡನೇ ಮಾದರಿ ಹೋಯಿತು. ಎರಡನೇ ರಿಪೋರ್ಟ್ ಬಂತು. ಈ ಸಲ ಭಾನುವಾರದವರೆಗೆ ಕಾಯಲಿಲ್ಲ, ಅಂಚೆಯವನ ಕೈಯಿಂದ ತೆಗೆದುಕೊಂಡವರೇ ಗೇಟಿನಿಂದಲೇ ನಮ್ಮನ್ನು ಕೂಗಿ ಕರೆದು ಊಟದ ಮೇಜಿನ ಮುಂದೆ ನಿಲ್ಲಿಸಿಕೊಂಡರು.

"ತಾಮ್ರ, ಇಳಿದಿದೆ. ಸೀಸ, ಇಳಿದಿದೆ." ಇಷ್ಟನ್ನು ಮೂಗಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ದನಿ ಏರಿತು. "ಕಬ್ಬಿಣ ಏರಿದೆ. ಅಲ್ಯೂಮಿನಿಯಂ ಏರಿದೆ. ಸಿಲಿಕಾನ್ ಮೊದಲಿಗಿಂತ ಏರಿದೆ! ಪೇಸ್ಟಂತೆ ಪೇಸ್ಟು. ಆಯಿಲ್ ಬದಲಾಯಿಸಿದ ಮೇಲೆ ಪೇಸ್ಟಾಗಿದ್ರೆ ಇಳೀಬೇಕಿತ್ತು ತಾನೇ? ಕೆಳಗೆ ಬರೆದಿದಾರೆ ನೋಡು, ‘ಇಂಜಿನ್ನಿಗೆ ಹೊರಗಿನ ಧೂಳು ಸೇರುತ್ತಿದೆ. ಕಾರಣ ಹುಡುಕಿ. ನಿಗಾ ಇರಲಿ.’ ಕಾರಣ ಹುಡುಕೋದೇನು, ಡಿಪೋ ಹಿಂದೆ ಕೂತಿದೆ!"

ದೊಡ್ಡಮ್ಮ ಕುರ್ಚಿ ಎಳೆದು ಕೂತರು. ಅಳಲಿಲ್ಲ. ಮೇಜಿನ ಮೇಲಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ಮಾತು ಕೊಟ್ಟಾಗಿತ್ತು. ಇನ್ನು ಆ ಹೆಸರು ಈ ಮನೆಯಲ್ಲಿ ಎತ್ತುವ ಹಾಗಿಲ್ಲ.

ನನಗೆ ತಡೆಯಲಾಗಲಿಲ್ಲ. ರಿಪೋರ್ಟನ್ನು ಅವರ ಕೈಯಿಂದ ಕಿತ್ತುಕೊಂಡು, ಅದರ ತುದಿಯಲ್ಲಿದ್ದ ನಂಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಎತ್ತಿದ್ದು ಲ್ಯಾಬಿನ ಒಬ್ಬ ಹೆಂಗಸು. ಬಾಯಲ್ಲಿ ಏನೋ ಮೆಲ್ಲುತ್ತಿದ್ದರು, ಕೀಲಿಮಣೆ ಕುಟ್ಟುವ ಸದ್ದೂ ಬರುತ್ತಿತ್ತು. ನಂಬರು ಹೇಳಿದ ಮೇಲೆ ನಮ್ಮ ರಿಪೋರ್ಟ್ ತೆಗೆದರು.

"ಹ್ಞಾಂ, ಧೂಳು. ಏರ್ ಫಿಲ್ಟರ್ ಹೊಸದಾ?"

"ಹೊಸದು. ನಾನೇ ಬೆಳಕಿಗೆ ಹಿಡಿದು ನೋಡಿ ಹಾಕಿಸಿದ್ದು," ಅಂದರು ದೊಡ್ಡಪ್ಪ.

"ಪೈಪು ಎಲ್ಲಾದ್ರೂ ಹರಿದಿದೆಯಾ?"

"ಇಲ್ಲ. ಅದನ್ನೂ ನೋಡಿದೀನಿ. ಗಾಡಿ ರಿಪೇರಿ ಮಾಡಿದವನೇ ಒಳಗೆ ಮರಳು ಬಿಟ್ಟಿದಾನೆ ಮೇಡಂ, ನೀವು ಹಾಗಂತ ಬರೆದುಕೊಡಿ."

"ಹಾಗಿದ್ರೆ ಬೇರಿಂಗ್ ಹಾಳಾಗ್ಬೇಕಿತ್ತು ಸಾರ್. ನಿಮ್ಮ ತಾಮ್ರ ಸೀಸ ಎಲ್ಲ ಚೆನ್ನಾಗಿ ಇಳಿದಿದೆ. ಮೊದಲನೇ ಸಲ ಬಂದಿದ್ದು ಪೇಸ್ಟೇ, ಸ್ವಲ್ಪ ಜಾಸ್ತಿ ಹಚ್ಚಿದಾರೆ. ಇದು ಬೇರೆ, ಇದು ಆಮೇಲೆ ಸೇರ್ತಾ ಇರೋದು." ಮೆಲ್ಲುವುದು ಒಂದು ಕ್ಷಣ ನಿಂತಿತು. "ಆಯಿಲ್ ಮುಚ್ಚಳಾನ ಯಾರಾದ್ರೂ ಪದೇ ಪದೇ ತೆಗೀತಾರಾ?"

"ಬೇರೆ ಯಾರೂ ಮುಟ್ಟಲ್ಲ. ನಾನೊಬ್ಬನೇ," ದೊಡ್ಡಪ್ಪ ಎದೆಯುಬ್ಬಿಸಿದರು. "ಬೆಳಿಗ್ಗೆ ಸಂಜೆ ಮುಚ್ಚಳ ತೆಗೆದು ನೋಡ್ತೀನಿ. ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕ್ತೀನಿ. ಒಂದು ದಿನ ತಪ್ಪಿಸಿಲ್ಲ. ನಿಗಾ ಇರಲಿ ಅಂತ ನೀವೇ ಬರೆದಿದ್ರಲ್ಲ."

"ಅಯ್ಯೋ, ಅದು ಎಲ್ಲಾ ರಿಪೋರ್ಟಲ್ಲೂ ತಾನಾಗೇ ಪ್ರಿಂಟ್ ಆಗುತ್ತೆ ಸಾರ್! ದಿನಾ ಬಿಚ್ಚಿ ನೋಡಿ ಅಂತ ಅಲ್ಲ. ಕಡ್ಡಿ ಯಾವುದರಲ್ಲಿ ಒರೆಸ್ತೀರ?"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ಉತ್ತರ ತಂದವರು ದೊಡ್ಡಮ್ಮ. ಯಾವಾಗ ಎದ್ದು ಹೊರಗೆ ಹೋದರೋ, ಗೋಡೆಯ ಮೊಳೆಯಿಂದ ಆ ಹಳದಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. ಅದೀಗ ಹಳದಿ ಎನ್ನುವ ಹಾಗಿರಲಿಲ್ಲ. ಮೇಜಿನ ಮೂಲೆಯ ದೀಪದ ಪೆಟ್ಟಿಗೆಯ ಸ್ವಿಚ್ಚು ಹಾಕಿ, ಅದರ ಮುಂದೆ ಬಟ್ಟೆಯನ್ನು ಪಟಪಟನೆ ಕೊಡವಿದರು. ಕಲ್ಲಿನ ಪುಡಿ ಬುಸ್ಸನೆ ಎದ್ದು ಬೆಳಕಿನಲ್ಲಿ ಹರಡಿತು. ಕೊಡವಿದಷ್ಟೂ ಬಂತು. ಒಂದೊಂದು ಕಣವೂ ಕಾಣುತ್ತಿತ್ತು, ಕಾಣುವುದಕ್ಕೆಂದೇ ಮಾಡಿದ ದೀಪವಲ್ಲವೇ. ಅಷ್ಟೂ ದಿನ ಆ ಮನುಷ್ಯ ಕಾರಿನ ಮೇಲಿನ ಕಲ್ಲುಪುಡಿಯನ್ನು ಬಟ್ಟೆಯಿಂದ ಕಡ್ಡಿಗೆ, ಕಡ್ಡಿಯಿಂದ ಇಂಜಿನ್ನಿಗೆ ಕೈಯಾರೆ ಉಣಿಸಿದ್ದರು. ಮೇಲಿನಿಂದ ಮುಚ್ಚಳ ಬೇರೆ ತೆರೆದಿಟ್ಟು ಗಾಳಿಯಲ್ಲಿದ್ದದ್ದನ್ನೂ ಒಳಗೆ ಕರೆದಿದ್ದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೋಡಿದ್ದೆ. ಸಿಗಲಿಲ್ಲವೆಂದು ತಾವೇ ತಂದು ಹಾಕಿದವರನ್ನು ನೋಡಿದ್ದು ಇದೇ ಮೊದಲು.

"ಹಲೋ?" ಎಂದಿತು ಫೋನು. "ಸಾರ್, ಆಯಿಲ್ ಬದಲಿಸಿ, ಇನ್ಮೇಲೆ ಮುಟ್ಟದೆ ಓಡ್ಸಿ. ಇಂಜಿನ್‌ಗೆ ದೊಡ್ಡ ಹಾನಿ ಏನೂ ಆಗಿಲ್ಲ." ಥ್ಯಾಂಕ್ಸ್ ಹೇಳಿ ಇಟ್ಟೆ.

ದೊಡ್ಡಪ್ಪನ ಮುಖ ನೋಡಬೇಕಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಏನೇ ಆದ್ರೂ ರಿಪೋರ್ಟ್ ಅಂತೂ ಸರಿ ಬಂದಿಲ್ಲ. ಮಾತು ಅಂದ್ರೆ ಮಾತು. ಮೂರನೇದು ಕಳಿಸಿ ನೋಡೋಣ," ಎಂದು ಗೊಣಗಿದರು.

ದೊಡ್ಡಮ್ಮ ದೀಪ ಆರಿಸಿದರು. ಅದರ ವೈರನ್ನು ಗೋಡೆಯಿಂದ ಕಿತ್ತು ಸುತ್ತಿ, ಪೆಟ್ಟಿಗೆಯನ್ನು ಎತ್ತಿ ಕಪಾಟಿನ ತಲೆಯ ಮೇಲಿಟ್ಟರು. ಆಮೇಲೆ ಹೇಳಿದರು, "ನಿಮ್ಮನ್ನ ಕಟ್ಕೊಂಡು ಬಂದಾಗಿಂದ ನಾನೂ ಹೀಗೇ ಆ ಬೆಳಕಿನ ಮುಂದೆ ನಿಂತಿದೀನಿ. ನನಗದು ಅಭ್ಯಾಸ ಆಗಿದೆ. ನನ್ನ ತಮ್ಮನ್ನ ಮಾತ್ರ ನಿಲ್ಲಿಸಬೇಡಿ. ಈಗಲೇ ಹೋಗಿ ಕರೀರಿ."

ಕಾರು ಓಡಿಸಿದವಳು ನಾನು. ದಾರಿಯುದ್ದಕ್ಕೂ ದೊಡ್ಡಪ್ಪ ಎರಡು ರಿಪೋರ್ಟುಗಳನ್ನು ಮಡಿಲಲ್ಲಿಟ್ಟುಕೊಂಡು, ಅವುಗಳ ಮೂಲೆ ಮಡಚುತ್ತ, ಬಿಚ್ಚುತ್ತ ಕೂತಿದ್ದರು. ಗ್ಯಾರೇಜಿನಲ್ಲಿ ಮಾವ ಒಂದು ವ್ಯಾನಿನ ಕೆಳಗೆ ಮಲಗಿದ್ದರು. ಎರಡು ಕಾಲು ಮಾತ್ರ ಹೊರಗಿದ್ದವು. ನಮ್ಮ ಕಾರಿನ ಸದ್ದು ಅವರಿಗೆ ಗೊತ್ತಾಗದೆ ಇರುವುದಿಲ್ಲ, ಆದರೂ ಹೊರಗೆ ಬರಲಿಲ್ಲ. ದೊಡ್ಡಪ್ಪ ಆ ಕಾಲುಗಳಿಗೆ ರಿಪೋರ್ಟ್ ಓದಿ ಹೇಳತೊಡಗಿದರು.

"ತಾಮ್ರ ಇಳಿದಿದೆ ಕಣಯ್ಯ. ಸೀಸಾನೂ ಇಳಿದಿದೆ."

"ಸಂತೋಷ," ಎಂದಿತು ವ್ಯಾನು. "ಸಿಲಿಕಾನ್?"

"ಏರಿದೆ."

"ಯಾಕೆ?"

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಗೋಡೆಗೆ ಒರಗಿಸಿದ್ದ ಟೈರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಧೂಳು ಸೇರಿದೆ. ಒಂದು ಬಟ್ಟೆಯಿಂದ."

"ಯಾರ ಬಟ್ಟೆ ಭಾವ?"

"ನನ್ನ ಬಟ್ಟೆ."

"ಕೇಳಿಸ್ಲಿಲ್ಲ!" ಎಂದು ಮಾವ ಕೂಗಿದರು. ಕೆಲಸದವರು ಸ್ಪಾನರ್ ಕೆಳಗಿಟ್ಟು ತಿರುಗಿ ನೋಡಿದರು. ಅವರೆಲ್ಲ ಕೇಳಲಿ ಎಂದೇ ಕೂಗಿದ್ದು. ಹೇಳಿದೆನಲ್ಲ, ಮಾವ ಸಾಧುವೇನಲ್ಲ ಎಂದು.

"ನನ್ನ ಬಟ್ಟೆ ಅಂದೆ! ನಾನೇ ಧೂಳು ಹಾಕಿದ್ದು. ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ. ಸಾಕಾ?"

ಕಾಲುಗಳು ಜರುಗಿ ಮಾವ ಪೂರ್ತಿಯಾಗಿ ಹೊರಬಂದು, ಅಂಗಾತ ಮಲಗಿದ್ದಲ್ಲಿಂದಲೇ ಮೇಲೆ ನೋಡಿದರು. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಅವತ್ತೇ ಕೇಳಿದ್ದು. "ಊಟಕ್ಕೆ ಅಕ್ಕ ಕರೀತಿದಾಳೋ, ನೀವು ಕರೀತಿದೀರೋ?"

"ನಾನು ಕಣಯ್ಯ. ನಾನೇ ಕರೀತಿದೀನಿ. ಬಾ."

ಮಾವ ಎದ್ದು ಕೈ ಒರೆಸಿಕೊಂಡು, ಅಲ್ಲೇ ಆಯಿಲ್ ಬದಲಿಸಿದರು. ಆಮೇಲೆ ಕಡ್ಡಿಗೂ ಮುಚ್ಚಳಕ್ಕೂ ಸೇರಿಸಿ ತಂತಿ ಬಿಗಿದು, ಕರೆಂಟ್ ಮೀಟರಿಗೆ ಹಾಕುವಂಥ ಸೀಲು ಒತ್ತಿದರು. ಸರ್ವಿಸ್ ಎಲ್ಲ ಕಾರ್ಖಾನೆಯಲ್ಲಿ ಕಳೆದ ದೊಡ್ಡಪ್ಪನಿಗೆ ಸೀಲು ಎಂದರೆ ಭಯಭಕ್ತಿ. ಅದನ್ನು ಒಡೆಯುವುದಿರಲಿ, ಅದರ ಹತ್ತಿರ ಉಸಿರಾಡಲೂ ಹೆದರುತ್ತಾರೆ ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ದೊಡ್ಡ ಪಾತ್ರೆ ಪೂರ್ತಿ ಖಾಲಿಯಾಗುವ ಲಕ್ಷಣ ಕಾಣುತ್ತಿತ್ತು. ಮಾವ ತಮ್ಮ ಜಂಬ ಶುರು ಮಾಡಿದ್ದರು, ದೊಡ್ಡಮ್ಮ ನಗುತ್ತಿದ್ದರು. ದೊಡ್ಡಪ್ಪ ಅಭ್ಯಾಸಬಲದಿಂದ ನೀರಿನ ಲೋಟ ಎತ್ತಿ ಮೇಜಿನ ಮೂಲೆಯ ಕಡೆ ಹಿಡಿದರು. ಅಲ್ಲಿ ಪೆಟ್ಟಿಗೆ ಇರಲಿಲ್ಲ, ಅದು ಇದ್ದ ಜಾಗದಲ್ಲಿ ಉಪ್ಪಿನಕಾಯಿ ಜಾಡಿ ಇತ್ತು. ಲೋಟವನ್ನು ಕೆಳಗಿಟ್ಟು, ತಟ್ಟೆಯ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು, "ಇಂಜಿನ್ ಚೆನ್ನಾಗಿದೆ ಕಣಯ್ಯ."

ಮಾವನ ಜಂಬ ಅರ್ಧಕ್ಕೇ ನಿಂತಿತು. ಆದರೆ ಸಿಕ್ಕ ಅವಕಾಶವನ್ನು ಅವರು ಬಿಡುವವರೇ? "ಹಾಗೇ ನಮ್ಮಕ್ಕನ ಅಡುಗೆ ಬಗ್ಗೇನೂ ಒಂದು ಮಾತು ಹೇಳಿಬಿಡಿ ಭಾವ."

ದೊಡ್ಡಪ್ಪ ಬೆರಳಲ್ಲಿ ಅನ್ನವನ್ನು ಆ ಕಡೆ ಈ ಕಡೆ ತಳ್ಳಿದರು. ಕಿವಿ ಕೆಂಪಾಗಿತ್ತು.

"ಅದೂ ಚೆನ್ನಾಗಿದೆ," ಅಂದರು. "ಮೊದಲಿಂದ್ಲೂ ಚೆನ್ನಾಗೇ ಇದೆ."

ದೊಡ್ಡಮ್ಮ ಸೌಟು ಹಿಡಿದು ನಿಂತೇ ಇದ್ದರು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ನನಗೆ ಗೊತ್ತಿತ್ತು," ಅಂದರು. "ನಿಮಗೂ ಗೊತ್ತಿತ್ತು ಅನ್ನೋದು ಗೊತ್ತಿರ್ಲಿಲ್ಲ."